ಪ್ಯಾಕೆಟ್ ತಿಂಡಿ ಕಮ್ಮಿ ಮಾಡಿ ನಮ್ಮೂರ ಊಟಕ್ಕೆ ವಾಪಸ್ ಬರೋದು ಹೇಗೆ

ಸಿರಿಧಾನ್ಯ ತಿನ್ನಿ, ಜಂಕ್ ಫುಡ್ ಬಿಡಿ ಅಂತ ಹೇಳೋರಿಗೇನೂ ಬರ ಇಲ್ಲ. ಆದ್ರೆ ಬೆಳಿಗ್ಗೆ ಸ್ಕೂಲ್ ವ್ಯಾನ್ ಗೇಟ್ ಹತ್ರ ಹಾರ್ನ್ ಹೊಡೀತಿರುವಾಗ ಮಗು ಡಬ್ಬಿಗೆ ಏನ್ ಹಾಕೋದು, ಸಂಜೆ ಆಫೀಸಿಂದ ಸುಸ್ತಾಗಿ ಬಂದಾಗ ಕೈಗೆ ಏನ್ ಸಿಗ್ಬೇಕು ಅನ್ನೋದಕ್ಕೆ ದಾರಿ ತೋರಿಸ್ದೆ ಬರೀ ಉಪದೇಶ ಮಾಡಿದ್ರೆ ಯಾರ ಮನೇಲೂ ಏನೂ ಬದಲಾಗಲ್ಲ. ಬಿಸ್ಕೆಟ್ಟು, ನೂಡಲ್ಸು, ಕುರುಕಲು ಪ್ಯಾಕೆಟ್ಟು ನಮ್ಮನೆ ಒಳಗೆ ಬಂದು ಕೂತಿದ್ದು ಮುಖ್ಯವಾಗಿ ಅವು ಕೈ ಹಾಕಿದ ತಕ್ಷಣ ಸಿಗುತ್ತೆ ಅಂತ. ಹಾಗಾಗಿ ಅದರ ಜಾಗಕ್ಕೆ ಬರೋ ತಿಂಡಿನೂ ಕೈ ಹಾಕಿದ ತಕ್ಷಣ ಸಿಗೋ ಥರ ಇರ್ಬೇಕು. ಸಂತೋಷದ ವಿಷಯ ಏನಂದ್ರೆ ನಮ್ಮ ಹಳೇ ಅಡುಗೆಮನೆಗಳಲ್ಲಿ ಇಂಥ ರೆಡಿ ಊಟ ಬೇಕಾದಷ್ಟಿತ್ತು, ಹುರಿಹಿಟ್ಟು, ಕಟಕ್ ರೊಟ್ಟಿ (ಒಣಗಿಸಿದ ಗರಿಗರಿ ಜೋಳದ ರೊಟ್ಟಿ), ಅವಲಕ್ಕಿ, ಚಟ್ನಿಪುಡಿ, ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ), ಚಿಗಳಿ, ಹೊಲಕ್ಕೆ ಹೋಗೋರು, ಗಾಡಿ ಕಟ್ಕೊಂಡು ಜಾತ್ರೆಗೆ ಹೋಗೋರು ಇದನ್ನೇ ಬುತ್ತಿ ಕಟ್ಕೊಂಡು ಹೋಗ್ತಿದ್ರು. ಅದನ್ನ ಇವತ್ತಿನ ಮನೆಗೆ ವಾಪಸ್ ತರೋದು ಹೇಗೆ ಅಂತ ಒಂದೊಂದಾಗಿ ಹೇಳ್ತೀನಿ, ಎಲ್ಲಾನೂ ಒಂದೇ ಸಲ ಮಾಡೋಕೆ ಹೋಗ್ಬೇಡಿ.

1. ಒಂದು ವಾರ ಖಾಲಿ ಕವರ್ ಎಸೀಬೇಡಿ

ಒಂದು ವಾರ ಮನೇಲಿ ಖಾಲಿಯಾದ ಎಲ್ಲಾ ಪ್ಯಾಕೆಟ್ ಕವರ್‌ಗಳನ್ನ ಒಂದು ಚೀಲದಲ್ಲಿ ಹಾಕಿಡಿ. ಭಾನುವಾರ ಕೂತ್ಕೊಂಡು ಹಿಂದುಗಡೆ ಓದಿ. ಮುಂದೆ ಬರೆದಿರೋದೆಲ್ಲಾ ಜಾಹೀರಾತು, ವಿಷಯ ಇರೋದು ಹಿಂದೆ ಸಣ್ಣ ಅಕ್ಷರದಲ್ಲಿ. ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನ ಮೊದಲು ಬರೀಬೇಕು ಅನ್ನೋದು ನಿಯಮ. ರಾಗಿ ಕುಕ್ಕೀಸ್ ಅಂತ ದೊಡ್ಡದಾಗಿ ಬರ್ದಿರ್ತಾರೆ, ತಿರುಗಿಸಿ ನೋಡಿ, ಎಷ್ಟೋ ಪ್ಯಾಕೆಟ್ಟಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಪಾಮ್ ಆಯಿಲ್, ರಾಗಿ ಎಲ್ಲೋ ಹಿಂದೆ ಇರುತ್ತೆ, ಪಕ್ಕದಲ್ಲಿ ಶೇಕಡಾ ಎಷ್ಟು ಅಂತಾನೂ ಇರುತ್ತೆ, ಆ ನಂಬರ್ ನೋಡಿದ್ರೆ ಸಾಕು ಇನ್ನೇನೂ ಹೇಳ್ಬೇಕಾಗಿಲ್ಲ.

ಸಕ್ಕರೆ ಒಂದೇ ಹೆಸರಲ್ಲಿ ಬರಲ್ಲ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್ಟ್ರೋಸ್, ಕಾರ್ನ್ ಸಿರಪ್ ಎಲ್ಲಾ ಅದೇ ಕುಟುಂಬ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 20ರಿಂದ 25 ಗ್ರಾಂ ಒಳಗೆ ಸಕ್ಕರೆ ಇಟ್ಕೊಳ್ಳಿ ಅಂದಿದಾರೆ. ಮಾಮೂಲಿ ಕೋಲಾದಲ್ಲಿ 100 ಎಂಎಲ್‌ಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತೆ, ಅಂದ್ರೆ ಒಂದು 250 ಎಂಎಲ್ ಬಾಟ್ಲಿಗೇ ಆ ದಿನದ ಲೆಕ್ಕ ಮುಗೀತು. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರ್ಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅದು ಸೋಡಿಯಂ ಲೆಕ್ಕದಲ್ಲಿ 2000 ಮಿಲಿಗ್ರಾಂ, ಇನ್‌ಸ್ಟಂಟ್ ನೂಡಲ್ಸ್‌ನ ಒಂದು ಪ್ಯಾಕೆಟ್ಟಲ್ಲೇ ಅದರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇರೋದು ಸಾಮಾನ್ಯ.

ಹೆಲ್ತ್ ಡ್ರಿಂಕ್ ಅನ್ನೋ ಮಾತಿಗೂ ಮರುಳಾಗ್ಬೇಡಿ. ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಹೆಲ್ತ್ ಡ್ರಿಂಕ್ ಅನ್ನೋ ವರ್ಗವೇ ಇಲ್ಲ, ಅದಕ್ಕೇ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಇಂಥ ಪಾನೀಯಗಳನ್ನ ಆ ಹೆಸರಿನ ಕೆಳಗೆ ಇಟ್ಟು ಮಾರಬೇಡಿ ಅಂತ ಹೇಳ್ಬೇಕಾಯ್ತು. ಎಷ್ಟು ವರ್ಷ ನಮ್ಮ ತಾಯಂದಿರು ಮನೆ ಖರ್ಚಲ್ಲಿ ಉಳಿಸಿದ ದುಡ್ಡಲ್ಲಿ ಮಕ್ಕಳು ಉದ್ದ ಬೆಳೀಲಿ ಅಂತ ಆ ಡಬ್ಬಗಳನ್ನ ತಂದು ಹಾಲಿಗೆ ಹಾಕಿದ್ರು ಅಂತ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಎಲ್ಲಾ ಪ್ಯಾಕೆಟ್ಟೂ ಕೆಟ್ಟದ್ದಲ್ಲ ಅನ್ನೋದನ್ನೂ ಹೇಳ್ಬಿಡ್ತೀನಿ. ಪ್ಯಾಕೆಟ್ ಹಾಲು, ಮೊಸರು, ರವೆ, ಅವಲಕ್ಕಿ, ಬೇಳೆ ಇವೆಲ್ಲಾ ಪ್ಯಾಕೆಟ್ಟಲ್ಲಿ ಬಂದ್ರೂ ಆಹಾರಾನೇ. ಬ್ರೆಜಿಲ್ಲಿನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೆರೊ ಮತ್ತವರ ತಂಡ ಇದನ್ನ ವಿಂಗಡಿಸೋಕೆ ಒಂದು ಪದ್ಧತಿ ಮಾಡಿದಾರೆ. ಸುಲಭವಾಗಿ ಹೇಳ್ಬೇಕಂದ್ರೆ ಪಟ್ಟಿಯಲ್ಲಿ ನಿಮ್ಮ ಅಡುಗೆಮನೇಲಿ ಯಾವತ್ತೂ ಇರದ ಐಟಂಗಳು, ಎಮಲ್ಸಿಫೈಯರ್ರು, ಫ್ಲೇವರ್ರು, ಮಾಲ್ಟೋಡೆಕ್ಸ್ಟ್ರಿನ್ನು ತುಂಬಿದ್ರೆ ಅದು ಅತಿಯಾಗಿ ಸಂಸ್ಕರಿಸಿದ ಆಹಾರ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 20 ಜನರನ್ನ ಅಲ್ಲೇ ಉಳಿಸ್ಕೊಂಡು ಎರಡು ವಾರ ಇಂಥ ಊಟ, ಎರಡು ವಾರ ಸಾದಾ ಊಟ ಕೊಟ್ಟು ನೋಡಿದ್ರು, ಎಷ್ಟು ಬೇಕಾದ್ರೂ ತಿನ್ನಬಹುದಿತ್ತು, ಸಂಸ್ಕರಿಸಿದ ಊಟ ಇದ್ದಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದಿದ್ರು. ಚಿಪ್ಸ್ ಪ್ಯಾಕೆಟ್ ಒಡೆದ್ರೆ ಮುಗಿಯೋವರೆಗೂ ಕೈ ನಿಲ್ಲಲ್ಲ ಅಂತ ಮಕ್ಕಳನ್ನ ಬೈತೀವಲ್ಲ, ತಪ್ಪು ಮಕ್ಕಳದ್ದಲ್ಲ.

2. ಮೂರು ಹೊತ್ತಿನ ಊಟ ಮುಟ್ಟಬೇಡಿ, ಸಂಜೆ ನಾಲ್ಕು ಗಂಟೆ ಹಿಡೀರಿ

ಬಹಳಷ್ಟು ಕನ್ನಡದ ಮನೆಗಳಲ್ಲಿ ಮಧ್ಯಾಹ್ನದ ಅನ್ನ ಸಾರು ಪಲ್ಯ ಇವತ್ತಿಗೂ ಚೆನ್ನಾಗೇ ಇದೆ, ಹಾಳಾಗಿರೋದು ಊಟಗಳ ನಡುವಿನ ಹೊತ್ತು. ಹಾಗಾಗಿ ಶುರು ಅಲ್ಲಿಂದ. ಕಣ್ಣಿಗೆ ಬೀಳೋ ಜಾಗದಲ್ಲಿ, ಮಕ್ಕಳ ಕೈಗೆಟಕೋ ಎತ್ತರದಲ್ಲಿ ಮೂರು ಡಬ್ಬ ಇಡಿ: ಒಂದ್ರಲ್ಲಿ ಹುರಿಗಡಲೆ ಮತ್ತೆ ಪುಡಿ ಮಾಡಿದ ಬೆಲ್ಲ, ಇನ್ನೊಂದ್ರಲ್ಲಿ ಹುರಿದ ಕಡ್ಲೆಕಾಯಿ ಬೀಜ, ಮೂರನೇದ್ರಲ್ಲಿ ಒಗ್ಗರಣೆ ಹಾಕಿದ ಗರಿ ಅವಲಕ್ಕಿ ಅಥ್ವಾ ಮಂಡಕ್ಕಿ. ದಾವಣಗೆರೆ ಕಡೆಯವರಿಗೆ ಮಂಡಕ್ಕಿ ಬಗ್ಗೆ ನಾನು ಹೇಳ್ಕೊಡೋ ಅಗತ್ಯ ಇಲ್ಲ. ಹೆಸರುಕಾಳು, ಕಡಲೆಕಾಳು ರಾತ್ರಿ ನೆನೆಸಿಟ್ರೆ ಮಾರನೇ ದಿನ ಹತ್ತು ಹದಿನೈದು ನಿಮಿಷದಲ್ಲಿ ಉಸಲಿ ಆಗುತ್ತೆ. ಕಾರ್ತಿಕ ಮಾಸದಲ್ಲಿ ಹಸಿ ಕಡ್ಲೆಕಾಯಿ ಸಿಕ್ಕಾಗ ಉಪ್ಪು ಹಾಕಿ ಬೇಯಿಸಿ ಕೊಡಿ, ಬಸವನಗುಡಿ ಕಡಲೆಕಾಯಿ ಪರಿಷೆ ನೋಡಿದ ಮಕ್ಕಳಿಗೆ ಇದನ್ನ ತಿನ್ನು ಅಂತ ಬಲವಂತ ಮಾಡ್ಬೇಕಾಗೇ ಇಲ್ಲ.

ಮನೇಲಿರೋ ಬಿಸ್ಕೆಟ್ಟನ್ನ ಕಸದ ಬುಟ್ಟಿಗೆ ಹಾಕೋದು, ಮಕ್ಕಳ ಮುಂದೆ ಭಾಷಣ ಮಾಡೋದು ಬೇಡ. ಇರೋದು ಖಾಲಿಯಾಗ್ಲಿ, ಮುಂದಿನ ತಿಂಗಳ ಸಾಮಾನಿನ ಪಟ್ಟಿಯಲ್ಲಿ ಅರ್ಧ ಬರೀರಿ. ಮನೇಲಿ ಇಲ್ಲದ್ದನ್ನ ಯಾರೂ ತಿನ್ನೋಕಾಗಲ್ಲ.

3. ಒಂದು ಭಾನುವಾರ ಹುರಿಹಿಟ್ಟು ಮಾಡಿ

ನನ್ನ ಕೇಳಿದ್ರೆ ಹುರಿಹಿಟ್ಟಿನಷ್ಟು ಒಳ್ಳೇ ಇನ್‌ಸ್ಟಂಟ್ ತಿಂಡಿ ಯಾವ ಕಂಪನಿನೂ ಮಾಡಿಲ್ಲ. ಒಂದು ಕೆಜಿ ರಾಗಿ ತಗೊಂಡು ಕಲ್ಲು ಆರಿಸಿ ಎರಡು ಮೂರು ನೀರಲ್ಲಿ ತೊಳೀರಿ. ನೀರು ಪೂರ್ತಿ ಬಸಿದು ಒಂದು ಬಟ್ಟೇಲಿ ರಾತ್ರಿ ಗಂಟು ಕಟ್ಟಿಡಿ. ಬೆಳಿಗ್ಗೆ ನೆರಳಲ್ಲಿ ಹರವಿ, ಕೈಯಲ್ಲಿ ಹಿಡಿದ್ರೆ ಅಂಗೈಗೆ ಅಂಟಬಾರದು, ಆದ್ರೆ ಒಳಗೆ ಸ್ವಲ್ಪ ತೇವ ಇರ್ಬೇಕು, ಆ ಹದ ಬಂದ್ಮೇಲೆ ದಪ್ಪ ತಳದ ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಿಸಿ ಒಂದೊಂದೇ ಹಿಡಿ ಹಾಕಿ ಬಿಡುವಿಲ್ಲದೆ ಆಡಿಸ್ತಾ ಹುರೀರಿ. ಪಟಪಟ ಅಂತ ಸಿಡಿದು ಕೆಂಪು ರಾಗಿಯೆಲ್ಲಾ ಮಲ್ಲಿಗೆ ಮೊಗ್ಗು ಬಿರಿದಂಗೆ ಬೆಳ್ಳಗೆ ಅರಳುತ್ತೆ, ಇಡೀ ಮನೆ ಘಮ್ ಅನ್ನುತ್ತೆ. ಬಾಣಲೆ ಕಾದಿಲ್ಲ ಅಂದ್ರೆ ಅರಳಲ್ಲ, ಬರೀ ಕಪ್ಪಾಗುತ್ತೆ, ಒಟ್ಟಿಗೆ ಜಾಸ್ತಿ ಹಾಕಿದ್ರೂ ಅದೇ ಕತೆ. ಅಕ್ಕಪಕ್ಕ ಸಿಡಿಯೋದನ್ನ ತಡೆಯೋಕೆ ಇನ್ನೊಂದು ಕೈಯಲ್ಲಿ ಒಂದು ಮುಚ್ಚಳ ಹಿಡ್ಕೊಳ್ಳಿ.

ಆರಿದ ಮೇಲೆ ಮಿಕ್ಸಿಗೆ ಹಾಕಿ ಪುಡಿ ಮಾಡಿ ಜರಡಿ ಹಿಡೀರಿ, ಒಂದೆರಡು ಏಲಕ್ಕಿ ಸೇರಿಸಿ. ತೇವ ಇರದ ಸ್ಟೀಲ್ ಡಬ್ಬದಲ್ಲಿ ಹಾಕಿಟ್ರೆ ಎರಡು ಮೂರು ವಾರ ಆರಾಮಾಗಿ ಇರುತ್ತೆ. ಬೇಕಾದಾಗ ಒಂದು ಬಟ್ಟಲಿಗೆ ನಾಲ್ಕು ಚಮಚ ಹಾಕ್ಕೊಂಡು ಮೊಸರು, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ ಕಲಸಿ ತಿನ್ನಿ, ಇಲ್ಲಾ ಬಿಸಿ ಹಾಲು, ಬೆಲ್ಲ, ಕಾಯಿತುರಿ ಹಾಕಿ ಉಂಡೆ ಕಟ್ಟಿ. ಮೊಸರಲ್ಲಿ ಕಲಸಿದ್ರೆ ಒಲೆ ಹಚ್ಚೋ ಕೆಲಸಾನೇ ಇಲ್ಲ. ಹಾಸ್ಟೆಲಲ್ಲಿರೋ ಮಕ್ಕಳಿಗೆ, ಪಿಜಿಯಲ್ಲಿರೋರಿಗೆ ಕಳಿಸೋಕೆ ಇದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ.

ಪುಟ್ಟ ಮಕ್ಕಳ ಮಾಲ್ಟ್‌ಗೆ ಬೇಕಂದ್ರೆ ರಾಗಿನ ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಬಸಿದು ಬಟ್ಟೇಲಿ ಕಟ್ಟಿ ಮೊಳಕೆ ಬರೋವರೆಗೂ ಬಿಡಿ, ಬೇಸಿಗೇಲಿ ಒಂದು ದಿನ ಸಾಕು, ಚಳಿಗಾಲದಲ್ಲಿ ಎರಡು ದಿನಾನೂ ಬೇಕಾಗುತ್ತೆ, ಆಮೇಲೆ ಒಣಗಿಸಿ ಸಣ್ಣ ಉರೀಲಿ ಹುರಿದು ಮಿಲ್ಲಿಗೆ ಕೊಡಿ. ಮಿಲ್ಲಲ್ಲಿ ನಿಮ್ಮದಕ್ಕಿಂತ ಮುಂಚೆ ಮೆಣಸಿನಕಾಯಿ ಬೀಸಿದಾರಾ ಅಂತ ಕೇಳಿ, ಬೀಸಿದ್ರೆ ಬೇರೆಯವರ ಹಿಟ್ಟು ಆಗೋವರೆಗೂ ಕಾಯಿರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಆದ್ರೆ ಅದರಲ್ಲಿರೋ ಫೈಟೇಟ್ ಅಂಶ ಅದನ್ನೆಲ್ಲಾ ಮೈಗೆ ಹತ್ತೋಕೆ ಬಿಡಲ್ಲ. ಮೊಳಕೆ ಕಟ್ಟಿದ್ರೆ, ಅಂಬಲಿ ಥರ ಹುಳಿ ಬರಿಸಿದ್ರೆ ಆ ಫೈಟೇಟ್ ಕಮ್ಮಿಯಾಗುತ್ತೆ. ನಮ್ಮಜ್ಜಿಯರು ಮೊಳಕೆ ಕಟ್ಟಿದ್ದು, ಅಂಬಲಿ ರಾತ್ರಿಯಿಡೀ ಇಟ್ಟಿದ್ದು ಸುಮ್ನೆ ಅಲ್ಲ. 2024ರ ಫೆಬ್ರವರಿಯಿಂದ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲೂ ಹಾಲಿನ ಜೊತೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೊಡೋಕೆ ಶುರು ಮಾಡಿದಾರೆ, ಒಳ್ಳೇ ಕೆಲಸ.

ಅಂಬಲಿ ಇನ್ನೂ ಸುಲಭ. ಮೂರು ಚಮಚ ರಾಗಿ ಹಿಟ್ಟನ್ನ ತಣ್ಣೀರಲ್ಲಿ ಗಂಟಿಲ್ಲದಂಗೆ ಕದಡಿ ಕುದಿಯೋ ನೀರಿಗೆ ಹಾಕಿ ಏಳೆಂಟು ನಿಮಿಷ ತಿರುಗಿಸಿ ಬೇಯಿಸಿ, ಆರಿದ ಮೇಲೆ ಮುಚ್ಚಿಡಿ, ಬೆಳಿಗ್ಗೆ ಮಜ್ಜಿಗೆ, ಉಪ್ಪು, ಈರುಳ್ಳಿ, ಕರಿಬೇವು ಹಾಕಿ ಕುಡೀರಿ. ಏಪ್ರಿಲ್ ಬಿಸಿಲಲ್ಲಿ ಕೂಲ್ ಡ್ರಿಂಕ್ಸ್ ನೆನಪೇ ಬರಲ್ಲ.

4. ಧಾನ್ಯ ತಗೊಳ್ಳೋವಾಗ ನಿಮ್ಮ ಸೀಮೆಯದ್ದು ಮೊದಲು

ಇಲ್ಲಿ ನನಗೆ ಒಂದು ಗಟ್ಟಿ ಅಭಿಪ್ರಾಯ ಇದೆ. ಪ್ಯಾಕೆಟ್ ಬಿಟ್ಟವರು ತುಂಬಾ ಜನ ಸೀದಾ ಓಟ್ಸ್, ಕಿನೋವಾ, ಚಿಯಾಗೆ ಹೋಗ್ತಾರೆ. ಕಿನೋವಾ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದವರ ಊಟ, ಅವರಿಗೆ ಅದು ಸರಿ, ನಮಗೆ ಅದರ ರೇಟೂ ಜಾಸ್ತಿ, ಮಾಡೋ ವಿಧಾನಾನೂ ಗೊತ್ತಿಲ್ಲ, ಒಂದು ತಿಂಗಳಿಗೆ ಬೇಜಾರಾಗಿ ಮತ್ತೆ ಬ್ರೆಡ್ಡಿಗೇ ಬರ್ತೀವಿ. ನಿಮ್ಮ ತಾಯಿಗೆ, ಅತ್ತೆಗೆ, ಪಕ್ಕದ ಮನೆ ಅಜ್ಜಿಗೆ ಮಾಡೋಕೆ ಗೊತ್ತಿರೋದನ್ನ ಹಿಡ್ಕೊಂಡ್ರೆ ಅದು ಉಳಿಯುತ್ತೆ, ಯಾಕಂದ್ರೆ ಕೆಟ್ರೆ ಕೇಳೋಕೆ ಜನ ಇರ್ತಾರೆ. ಮಂಡ್ಯ, ತುಮಕೂರು, ಕೋಲಾರದವರಿಗೆ ಮುದ್ದೆ ಉಪ್ಸಾರು, ವಿಜಯಪುರ ಕಲಬುರಗಿಯವರಿಗೆ ಬಿಳಿಜೋಳದ ರೊಟ್ಟಿ ಪುಂಡಿಪಲ್ಯ, ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ ಹುರುಳಿ ಚಟ್ನಿ, ಮಲೆನಾಡಿನವರಿಗೆ ಅಕ್ಕಿರೊಟ್ಟಿ ತಂಬುಳಿ, ಕೊಡಗಿನವರಿಗೆ ಕಡಂಬಿಟ್ಟು.

ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯೋದು ನಮ್ಮ ರಾಜ್ಯ. ಮಂಡ್ಯದ ವಿ.ಸಿ. ಫಾರ್ಮ್ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂತು ಭಾರತದ ತಳಿ, ಆಫ್ರಿಕಾದ ತಳಿ ಕೂಡಿಸಿ ಇಂಡಾಫ್ ರಾಗಿ ಕೊಟ್ಟ ವಿಜ್ಞಾನಿ ಲಕ್ಷ್ಮಣಯ್ಯನವರನ್ನ ಮುದ್ದೆ ತಿನ್ನೋರೆಲ್ಲಾ ಒಂದ್ಸಲ ನೆನೆಸ್ಕೋಬೇಕು, ಅವರ ತಳಿಗಳಿಂದ ಇಳುವರಿ ಏರಿದ್ದಕ್ಕೇ ಮಳೆ ನಂಬಿದ ಹೊಲಗಳಲ್ಲಿ ರಾಗಿ ಇಷ್ಟು ಉಳ್ಕೊಂಡಿದೆ. ರಾಗಿ ತಗೊಳ್ಳೋವಾಗ ಕಾಳು ತಂದು ಬೀಸಿಸಿ, ಒಂದು ಕೆಜಿ ರಾಗಿ ಇವತ್ತಿಗೂ ಸಣ್ಣ ಕಾರ್ನ್ ಫ್ಲೇಕ್ಸ್ ಡಬ್ಬಕ್ಕಿಂತ ಅಗ್ಗ.

ಜೋಳದ್ದು ಬೇರೆ ಲೆಕ್ಕ. ಮಾಲ್ದಂಡಿ ಅನ್ನೋ ತಳಿಯ ಬಿಳಿಜೋಳ ಸಿಕ್ರೆ ಅದನ್ನೇ ತಗೊಳ್ಳಿ, ಮತ್ತೆ ಹದಿನೈದು ದಿನಕ್ಕೆ ಆಗೋಷ್ಟೇ ಬೀಸಿಸಿ. ಹಿಟ್ಟು ಹಳೇದಾದ್ರೆ ಜಿಗಿ ಹೋಗುತ್ತೆ, ರೊಟ್ಟಿ ಬಡಿಯೋವಾಗ ಅಂಚು ಒಡೆಯುತ್ತೆ, ಎಷ್ಟೋ ಜನ ನನಗೆ ರೊಟ್ಟಿ ಬರಲ್ಲ ಅಂತ ಕೈ ಬಿಡೋದು ಕೈ ತಪ್ಪಿಂದಲ್ಲ, ಹಿಟ್ಟಿನ ತಪ್ಪಿಂದ. ಕುದಿಯೋ ನೀರು ಹಾಕಿ ಕಲಸಿ, ಬಿಸಿ ಇರುವಾಗ್ಲೇ ಚೆನ್ನಾಗಿ ನಾದಿ. ಅಮೆರಿಕ, ಗಲ್ಫ್ ಕಡೆ ಇರೋ ಕನ್ನಡದವರು ಇಂಡಿಯನ್ ಸ್ಟೋರಲ್ಲಿ ಜೋಳದ ಹಿಟ್ಟು ತಗೊಳ್ಳೋವಾಗ ಪ್ಯಾಕ್ ಮಾಡಿದ ತಾರೀಕು ನೋಡ್ಲೇಬೇಕು, ಇಲ್ಲಾ ಊರಿಂದ ಬರೋರ ಹತ್ರ ಕಟಕ್ ರೊಟ್ಟಿ ತರಿಸ್ಕೊಳ್ಳಿ, ತೇವ ತಾಗದಂಗೆ ಇಟ್ರೆ ವಾರಗಟ್ಟಲೆ ಕೆಡಲ್ಲ, ಮೇಲೊಂದು ಚೂರು ಶೇಂಗಾ ಹಿಂಡಿ, ಗಟ್ಟಿ ಮೊಸರು ಇದ್ರೆ ಊಟ ಆಯ್ತು.

ನವಣೆ, ಸಾಮೆ, ಊದಲು, ಹಾರಕ, ಕೊರಲೆ, ಬರಗು ತಗೊಳ್ಳೋರು ಪಾಲಿಶ್ ಬಗ್ಗೆ ಕೇಳಿ. ತೌಡು ಹೋಗಿ ಬೆಳ್ಳಗೆ ಹೊಳೀತಿದ್ರೆ ಅದಕ್ಕೂ ಬಿಳಿ ಅಕ್ಕಿಗೂ ದೊಡ್ಡ ವ್ಯತ್ಯಾಸ ಉಳಿಯಲ್ಲ, ದುಡ್ಡು ಮಾತ್ರ ಜಾಸ್ತಿ. ಪಾಲಿಶ್ ಮಾಡದೆ ಇರೋದ್ರಲ್ಲಿ ತೌಡಿನ ಎಣ್ಣೆ ಅಂಶ ಇರೋದ್ರಿಂದ ಬೇಗ ಕಮಟು ವಾಸನೆ ಬರುತ್ತೆ, ಅದಕ್ಕೆ ಸ್ವಲ್ಪ ಸ್ವಲ್ಪ ತಗೊಳ್ಳಿ, ಆರೇಳು ಗಂಟೆ ನೆನೆಸಿ ಆಮೇಲೆ ಬೇಯಿಸಿ. ಸಿರಿಧಾನ್ಯ ತಿಂದ್ರೆ ಎಲ್ಲಾ ಕಾಯಿಲೆ ವಾಸಿ, ಮಾತ್ರೆ ಬಿಡಬಹುದು ಅನ್ನೋ ವಿಡಿಯೋಗಳನ್ನ ದಯವಿಟ್ಟು ನಂಬ್ಬೇಡಿ.

5. ವಾರಕ್ಕೊಮ್ಮೆ ಸಂತೆ

ಸೂಪರ್ ಮಾರ್ಕೆಟ್‌ನಲ್ಲಿ ವರ್ಷಪೂರ್ತಿ ಅದೇ ಕ್ಯಾಪ್ಸಿಕಂ, ಅದೇ ಬ್ರೊಕೊಲಿ. ಸಂತೆಗೆ ಹೋದ್ರೆ ಈಗ ಯಾವ ಕಾಲ ಅಂತ ಗೊತ್ತಾಗುತ್ತೆ. ಡಿಸೆಂಬರ್ ಜನವರಿಯಲ್ಲಿ ಸೊಗಡವರೆ, ಹಿತಕಿದ ಬೇಳೆ ಸಾರು ಮಾಡದ ಮನೆಗೆ ಆ ಚಳಿಗಾಲ ಬಂದೇ ಇಲ್ಲ ಅನ್ನಬೇಕು. ಬೇಸಿಗೇಲಿ ಮಾವಿನಕಾಯಿ, ಹಲಸು, ಮಳೆಗಾಲದಲ್ಲಿ ಕೆಸುವಿನೆಲೆ ಪತ್ರೊಡೆ, ಕಳಲೆ ಅಂದ್ರೆ ಎಳೆ ಬಿದಿರು. ಕಳಲೆ ಹೆಚ್ಚಿ ಎರಡು ಮೂರು ದಿನ ನೀರಲ್ಲಿಟ್ಟು ದಿನಾ ನೀರು ಬದಲಾಯಿಸಿ ಆಮೇಲೆ ಚೆನ್ನಾಗಿ ಬೇಯಿಸ್ಲೇಬೇಕು, ಹಸೀದ್ರಲ್ಲಿ ವಿಷದ ಅಂಶ ಇರುತ್ತೆ, ಇದ್ರಲ್ಲಿ ಶಾರ್ಟ್‌ಕಟ್ ಬೇಡ. ಕಾಡಿನ ಅಣಬೆ ಗುರುತು ಗೊತ್ತಿಲ್ಲದೆ ಕಿತ್ತು ತಿನ್ನೋದಂತೂ ಬೇಡವೇ ಬೇಡ.

ಸೊಪ್ಪು ಮಾರೋ ಅಜ್ಜಿ ಹತ್ರ ಬೆರಕೆ ಸೊಪ್ಪು ಕೇಳಿ. ದಂಟು, ಅಣ್ಣೆ, ಹೊನಗೊನ್ನೆ, ಗಣಿಕೆ, ನುಗ್ಗೆ ಎಲ್ಲಾ ಸೇರಿಸಿ ಕೊಡ್ತಾರೆ, ತೊಗರಿಬೇಳೆ ಜೊತೆ ಬೇಯಿಸಿ ಬಸಿದ್ರೆ ಬಸ್ಸಾರಿಗೆ ಕಟ್ಟೂ ಆಯ್ತು, ಪಲ್ಯಾನೂ ಆಯ್ತು, ಒಂದೇ ಪಾತ್ರೆ. ಹತ್ರದಲ್ಲಿ ಸಂತೆ ಇಲ್ಲದ ಬೆಂಗಳೂರಿನವರು ಹಾಪ್‌ಕಾಮ್ಸ್ ಅಂಗಡಿ ನೋಡಿ, ಹಣ್ಣು ತರಕಾರಿ ಬೆಳೆಯೋ ರೈತರದ್ದೇ ಸಹಕಾರ ಸಂಘ ಅದು.

6. ಎಣ್ಣೆ, ಬೆಲ್ಲ, ಉಪ್ಪು: ಇಲ್ಲಿ ಸ್ವಲ್ಪ ಹುಷಾರು

ಗಾಣದ ಕಡ್ಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಒಳ್ಳೇದೇ, ರುಚಿನೂ ಇದೆ. ಆದ್ರೆ ಗಾಣಕ್ಕೆ ಹಾಕೋ ಬೀಜ ನೋಡಿ ತಗೊಳ್ಳಿ, ಬೂಸ್ಟು ಹಿಡಿದ ಶೇಂಗಾದಲ್ಲಿರೋ ಅಫ್ಲಾಟಾಕ್ಸಿನ್ ವಿಷ ಎಣ್ಣೆಗೂ ಬರುತ್ತೆ. ಗಾಣದ್ದು ಅಂತ ಧಾರಾಳವಾಗಿ ಸುರಿಯೋ ಹಾಗಿಲ್ಲ, ಎಣ್ಣೆ ಎಣ್ಣೆನೇ. ಬೆಲ್ಲ ತೀರಾ ಬೆಳ್ಳಗೆ ಹಳದಿಯಾಗಿ ಹೊಳೀತಿದ್ರೆ ಬಣ್ಣ ಬಿಡಿಸೋಕೆ ಕೆಮಿಕಲ್ ಹಾಕಿರೋ ಸಾಧ್ಯತೆ ಜಾಸ್ತಿ, ಕಂದು ಬಣ್ಣದ್ದು ತಗೊಳ್ಳಿ. ಸಕ್ಕರೆ ಕಾಯಿಲೆ ಇರೋರಿಗೆ ಬೆಲ್ಲಾನೂ ಸಕ್ಕರೇನೇ. ಅವರು ರಾಗಿ ಗಂಜಿನೂ ಲೋಟಗಟ್ಟಲೆ ಕುಡೀಬಾರದು, ತೆಳ್ಳಗಿನ ಗಂಜಿ ಬೇಗ ಅರಗಿ ಶುಗರ್ ಏರಿಸುತ್ತೆ, ಚಿಕ್ಕ ಮುದ್ದೆ, ಜಾಸ್ತಿ ಸೊಪ್ಪು, ಕಾಳಿನ ಸಾರು ಅನ್ನೋ ಲೆಕ್ಕ ಇಟ್ಕೊಳ್ಳಿ.

ಉಪ್ಪು ಮಾತ್ರ ಅಯೋಡಿನ್ ಇರೋದೇ ಇರ್ಲಿ. ಗಳಗಂಡ ಕಾಯಿಲೆ ಕಮ್ಮಿಯಾಗಿದ್ದು ಆ ಪ್ಯಾಕೆಟ್ ಉಪ್ಪಿಂದ, ಹೊಸದು ಅನ್ನೋ ಒಂದೇ ಕಾರಣಕ್ಕೆ ಒಳ್ಳೇದನ್ನ ಬಿಡಬಾರದು. ಹಾಲು ಯಾವುದಾದ್ರೂ ಸರಿ, ಕಾಯಿಸಿ ಕುಡೀರಿ. ಹಾಗೇ ಹಳೇದೆಲ್ಲಾ ಅಮೃತ ಅಂತಾನೂ ಅಲ್ಲ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ನಮ್ಮದೇ ಆದ್ರೂ ಉಪ್ಪು ಜಾಸ್ತಿ, ಬಿಪಿ ಇರೋರು ನಾಲಿಗೆಗೆ ತಾಗೋಷ್ಟು ಸಾಕು. ರಸ್ತೆ ಬದಿಯ ಕಡುಗೆಂಪು ಗೋಬಿ ಬಗ್ಗೆ ಬೇರೆ ಹೇಳ್ಬೇಕಾಗಿಲ್ಲ, ಕೃತಕ ಬಣ್ಣ ಹಾಕಬಾರದು ಅಂತ 2024ರ ಮಾರ್ಚಲ್ಲೇ ರಾಜ್ಯ ಸರ್ಕಾರ ನಿಷೇಧ ಮಾಡಿದೆ, ಬಣ್ಣ ಕಂಡ್ರೆ ಮುಂದಕ್ಕೆ ಹೋಗಿ.

7. ಕೆಲಸ ಹಂಚ್ಕೊಳ್ಳಿ

ಈ ಥರ ಲೇಖನಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡೋ ವಿಷಯ ಇದು. ಹಳೇ ಊಟದ ಹಿಂದೆ ಹೆಂಗಸರ ದುಡಿಮೆ ಇತ್ತು, ಬೆಳಗಿನ ಜಾವ ಎದ್ದು ಬೀಸಿದ್ದು, ಕುಟ್ಟಿದ್ದು, ಹೊಗೆ ಒಲೆ ಮುಂದೆ ರೊಟ್ಟಿ ಬಡಿದಿದ್ದು. ಈಗ ಹೊರಗೆ ದುಡಿದು ಬರೋ ಹೆಣ್ಣುಮಗಳ ತಲೆ ಮೇಲೆ ಅದನ್ನೇ ಮತ್ತೆ ಹೊರಿಸಿ ಸಂಪ್ರದಾಯ ಅಂದ್ರೆ ಅದು ಅನ್ಯಾಯ. ಮನೇಲಿ ಮುದ್ದೆ ಬೇಕು ಅನ್ನೋ ಗಂಡಸು ಮುದ್ದೆ ತಿರುವೋದು ಕಲೀಲಿ, ಅದಕ್ಕೆ ತೋಳಲ್ಲಿ ಬಲ ಬೇಕು, ಚೆನ್ನಾಗೇ ಆಗುತ್ತೆ. ಕಾಳು ನೆನೆಸೋದು, ಅವರೆ ಬಿಡಿಸೋದು, ಸೊಪ್ಪು ಸೋಸೋದು ಮಕ್ಕಳ ಕೈಲಾಗುತ್ತೆ, ತಾವೇ ಬಿಡಿಸಿದ ಅವರೆ ಸಾರನ್ನ ಮಕ್ಕಳು ತಟ್ಟೇಲಿ ಬಿಡೋದು ಕಮ್ಮಿ. ರೊಟ್ಟಿ ಮನೇಲಿ ಆಗಲ್ಲ ಅಂದ್ರೆ ಸಂಕೋಚ ಬೇಡ, ಉತ್ತರ ಕರ್ನಾಟಕದ ಊರುಗಳಲ್ಲಿ, ಈಗ ಬೆಂಗಳೂರಲ್ಲೂ ಹೆಂಗಸರೇ ನಡೆಸೋ ರೊಟ್ಟಿ ಕೇಂದ್ರಗಳಿವೆ, ಅಲ್ಲಿಂದ ತಗೊಳ್ಳಿ, ಅವರ ಮನೇಲೂ ಒಲೆ ಉರಿಯುತ್ತೆ. ಚಟ್ನಿಪುಡಿ, ಹಿಂಡಿಗಳನ್ನ ನಾಲ್ಕು ಮನೆಯವರು ಸೇರಿ ಸರದಿ ಹಾಕ್ಕೊಂಡು ಮಾಡಿದ್ರೆ ತಿಂಗಳಿಗೆ ಒಬ್ಬೊಬ್ಬರಿಗೆ ಒಂದೇ ಐಟಂ, ಡಬ್ಬದಲ್ಲಿ ನಾಲ್ಕು ಥರ ಇರುತ್ತೆ. ಮುಂದಿನ ಸಾಮಾನಿನ ಪಟ್ಟಿ ಬರೆಯೋ ದಿನ ಒಂದು ಕೆಜಿ ರಾಗಿ, ಅರ್ಧ ಕೆಜಿ ಹುರಿಗಡಲೆ, ಅರ್ಧ ಕೆಜಿ ಶೇಂಗಾ, ಒಂದು ಅಚ್ಚು ಬೆಲ್ಲ ಇಷ್ಟನ್ನ ಮೇಲ್ಗಡೆ ಬರ್ಕೊಂಡು, ಬಿಸ್ಕೆಟ್ ಕೆಳಗಡೆ ಬರೀರಿ.